ಕೆಂಪು ಗಾಜು ನುಂಗಿದ ಕುಂಕುಮ

ಚಾದರ ಜಾರಿತು, ಆದರೆ ಚಪ್ಪಾಳೆ ಬರಲಿಲ್ಲ.

ಗಬ್ಬೂರ ಬೈಪಾಸಿನ ಬದಿಯ ಕಲ್ಯಾಣ ಮಂಟಪದಲ್ಲಿ ನೆರೆದಿದ್ದ ಮಂದಿಯೆಲ್ಲ ಯಾರೋ ಬಾಯಿಗೆ ಬಟ್ಟೆ ತುರುಕಿದಂತೆ ಸುಮ್ಮನಾದರು. ಚಪ್ಪಾಳೆ ತಟ್ಟುವ ಕೈಗಳ ಫೋಟೋ ತೆಗೆಯಬೇಕೆಂದು ವೇದಿಕೆಗೆ ಬೆನ್ನು ಮಾಡಿ ನಿಂತಿದ್ದ ರಾಜಶೇಖರನಿಗೆ ಏನಾಯಿತೆಂದು ತಿಳಿಯಲಿಲ್ಲ. ಕರೆಂಟು ಹೋಯಿತೇ ಎಂದುಕೊಂಡ, ದೀಪಗಳು ಉರಿಯುತ್ತಿದ್ದವು. ಕುಬೇರಪ್ಪ ಸಾವ್ಕಾರರಿಗೇ ಏನಾದರೂ ಆಯಿತೇ ಎಂದು ಹೆದರಿದ, ಯಾಕೆಂದರೆ ಹೋದ ವರ್ಷವಷ್ಟೇ ಅವರ ಹೃದಯಕ್ಕೆ ಸ್ಟೆಂಟು ಹಾಕಿದ್ದರು. ಆದರೆ ಅವರು ಹೆಂಡತಿಯ ಪಕ್ಕದಲ್ಲಿ ಹಾರ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಎಲ್ಲರ ಕಣ್ಣೂ ಈಗಷ್ಟೇ ಚಾದರ ಸರಿಸಿದ ದೊಡ್ಡ ಫೋಟೋದ ಮೇಲೆ ನಟ್ಟಿದ್ದವು. ಅದು ಅವನೇ ತೆಗೆದ ಫೋಟೋ. ರಾಜಶೇಖರ ಹೊರಳಿ ನೋಡಿದ.

ಆಳೆತ್ತರದ ಕಪ್ಪು ಬಿಳುಪಿನ ಫೋಟೋ. ಹಿಂದೆ ಮಸಿಯಂಥ ಆಕಾಶ, ಅದರ ತುಂಬ ಹಿಂಜಿದ ಅರಳೆಯಂಥ ಮೋಡ. ಮುಂದೆ ಸಾವ್ಕಾರರು, ಅವರ ಪಕ್ಕದಲ್ಲಿ ಹೆಂಡತಿ ದಾನವ್ವ. ಅವರ ಲಗ್ನವಾಗಿ ಇವತ್ತಿಗೆ ಐವತ್ತು ವರ್ಷ. ಫೋಟೋದಲ್ಲಿ ಸಾವ್ಕಾರರು ನಗುತ್ತಿದ್ದರು. ದಾನವ್ವನವರ ಹಣೆ ಬೋಳಾಗಿತ್ತು. ವಿಭೂತಿ ಇತ್ತು, ಅದರ ಕೆಳಗೆ ಹಳೇ ರೂಪಾಯಿಯಷ್ಟು ಅಗಲವಾಗಿ ಅವರು ದಿನವೂ ಹಚ್ಚುವ ಕುಂಕುಮ ಇರಲಿಲ್ಲ. ಉಟ್ಟಿದ್ದ ಕೆಂಪು ಇಳಕಲ್ ಸೀರೆ ಬೆಳ್ಳಗೆ ಬಂದಿತ್ತು. ಕೈತುಂಬ ಹಸಿರು ಬಳೆ ಮಾತ್ರ ಕರ್ರಗೆ ಢಾಳಾಗಿ ಕಾಣುತ್ತಿದ್ದವು, ಆದರೆ ಹಣೆ ಬಿಟ್ಟು ಕೈ ನೋಡುವವರು ಯಾರು? ಗಂಡ ಪಕ್ಕದಲ್ಲಿ ನಿಂತು ನಗುತ್ತಿರುವಾಗಲೇ ಹೆಂಡತಿ ವಿಧವೆಯಾಗಿ ನಿಂತಿದ್ದಳು.

"ಶಿವ ಶಿವಾ, ಇದೆಂಥಾ ಅಪಶಕುನ," ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. "ಅದೂ ಸಾವ್ಕಾರ್ರ ತಬ್ಬೇತ ಇಷ್ಟ ನಾಜೂಕ ಇದ್ದಾಗ."

"ಫೋಟೋ ತಗದಾಂವ ಯಾರ?"

"ರಾಜಶೇಖರ. ದಾಜಿಬಾನ ಪೇಟಿಯಂವ."

"ಅಂವನ? ಅಂವನ ಕೈಗುಣ ಛಲೋ ಅಂತಿದ್ರಲಾ?"

ಆ ಮಾತು ರಾಜಶೇಖರನ ಕಿವಿಗೆ ಬಿತ್ತು. ಅವನ ಬದುಕು ನಿಂತದ್ದು ಕ್ಯಾಮೆರಾದ ಮೇಲಲ್ಲ, ಆ ಕೈಗುಣದ ಮೇಲೆ.

ದಾಜಿಬಾನ ಪೇಟೆಯ ಒಂದು ಓಣಿಯಲ್ಲಿ, ಬಳೆ ಅಂಗಡಿಯ ಮೇಲೆ ಅವನ ಸ್ಟುಡಿಯೋ. ಮೊಬೈಲು ಬಂದು ಪ್ರತಿಯೊಬ್ಬನೂ ಫೋಟೋಗ್ರಾಫರನಾದ ಮೇಲೆ ಆ ಓಣಿಯ ಉಳಿದ ಸ್ಟುಡಿಯೋಗಳು ಮೊದಲು ಝೆರಾಕ್ಸ್ ಅಂಗಡಿಯಾದವು, ಆಮೇಲೆ ಗೋಬಿ ಮಂಚೂರಿ ಅಂಗಡಿಯಾದವು. ರಾಜಶೇಖರನ ಸ್ಟುಡಿಯೋ ಮಾತ್ರ ಸ್ಟುಡಿಯೋ ಆಗಿಯೇ ಉಳಿಯಿತು. ಕಾರಣ ಇಷ್ಟೇ: ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿಯ ಫೋಟೋ ಅವನ ಕೈಯಿಂದ ತೆಗೆಸಿದರೆ ಲಗ್ನ ಕೂಡುತ್ತದೆ ಎಂದು ಹೆಂಗಸರಲ್ಲಿ ಒಂದು ನಂಬಿಕೆ ಹುಟ್ಟಿತ್ತು. ಯಾರದೋ ಮನೆಯ ಎರಡು ಹುಡುಗಿಯರಿಗೆ ಹಾಗೆ ಕೂಡಿತಂತೆ, ಅದು ಬಾಯಿಂದ ಬಾಯಿಗೆ ದಾಟಿ ಹುಬ್ಬಳ್ಳಿ ಮುಗಿಸಿ ಧಾರವಾಡ ಮುಟ್ಟಿತು. ಮೊಬೈಲಿನಲ್ಲಿ ದಿನಕ್ಕೆ ನೂರು ಫೋಟೋ ತೆಗೆದುಕೊಳ್ಳುವ ಹುಡುಗಿಯನ್ನೂ ತಾಯಿ ಕೈಹಿಡಿದು ಆ ಕಡಿದಾದ ಮೆಟ್ಟಿಲು ಹತ್ತಿಸುತ್ತಿದ್ದಳು. ಕೂಸಿನ ಮೊದಲ ಫೋಟೋ, ಹೊಸ ಅಂಗಡಿಯ ಪೂಜೆಯ ಫೋಟೋ, ಎಲ್ಲಕ್ಕೂ ರಾಜಶೇಖರನೇ ಬೇಕು.

ಕೈಗುಣವೆಂಬುದು ಏನೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಪಡುವಣ ಕಿಟಕಿಯ ಸಂಜೆ ಬೆಳಕು, ಹುಡುಗಿ ನಾಚಿಕೆ ಮರೆಯುವವರೆಗೂ ಆಡುವ ಹರಟೆ, ಅಷ್ಟೇ ಅವನ ಗುಟ್ಟು. ಆದರೆ ಅನ್ನ ಹಾಕುವ ಮಾತನ್ನು ಎದ್ದು ನಿಂತು ಸುಳ್ಳೆನ್ನಲು ಅವನೇನು ಹರಿಶ್ಚಂದ್ರನೇ? ಸುಮ್ಮನಿದ್ದ. ಕೈಗುಣ ಒಳ್ಳೆಯದಿರಬಹುದಾದರೆ ಕೆಟ್ಟದ್ದೂ ಇರಬಹುದು, ಹಾಲಿನ ಕೊಡಕ್ಕೆ ಒಂದು ಹನಿ ಹುಳಿ ಸಾಕು ಎಂಬುದು ಮಾತ್ರ ಆಗಾಗ ಅವನಿಗೆ ನೆನಪಾಗುತ್ತಿತ್ತು.

ಅವನಿಗೆ ಕೆಲಸ ಕಲಿಸಿದವರು ಶಾಕೀರ ಉಸ್ತಾದರು. ಅದು ರೀಲಿನ ಕಾಲ, ಕಪ್ಪು ಬಿಳುಪಿನ ಕೊನೆಯ ದಿನಗಳು. ಉಸ್ತಾದರ ಹತ್ತಿರ ತಂಬಾಕಿನ ಹಳೇ ಡಬ್ಬಿಯೊಂದರಲ್ಲಿ ಲೆನ್ಸಿನ ಮೂತಿಗೆ ತಿರುಗಿಸಿ ಕೂಡಿಸುವ ಬಣ್ಣದ ಗಾಜುಗಳಿದ್ದವು: ಹಳದಿ, ಕಿತ್ತಳೆ, ಕೆಂಪು, ಹಸಿರು. ಬಣ್ಣವೇ ಬಾರದ ಫೋಟೋಕ್ಕೆ ಬಣ್ಣದ ಗಾಜು ಯಾಕೆ ಎಂದು ಕೇಳಿದ ಶಿಷ್ಯನಿಗೆ ಉಸ್ತಾದರು ಹೇಳಿದ್ದರು: "ನೋಡಪಾ, ಗಾಜಿಗೆ ತನ್ನ ಬಣ್ಣದವರ ಮ್ಯಾಲ ಭಾಳ ಪ್ರೀತಿ. ಅವರನ್ನಷ್ಟ ಬೆಳ್ಳಗ ಮಾಡ್ತದ, ಎದರಿನವರನ್ನ ಕರ್ರಗ ಮಾಡ್ತದ. ಥೇಟ್ ನಮ್ಮ ಪಾರ್ಟಿ ಮಂದಿ ಇದ್ದಂಗ." ಕೆಂಪು ಗಾಜು ಹಾಕಿದರೆ ನೀಲಿ ಆಕಾಶ ಕರ್ರಗಾಗುತ್ತದೆ, ಮೋಡ ಎದ್ದು ಬರುತ್ತದೆ. ಹಸಿರು ಹಾಕಿದರೆ ಬೇವಿನ ಎಲೆ ಎಲೆಯೂ ಬೆಳಗುತ್ತದೆ. "ಆಕಾಶಕ್ಕ ಕೆಂಪ, ಗಿಡಕ್ಕ ಹಸರ, ಹೆಣ್ಣಮಕ್ಕಳಿಗೂ ಹಸರ. ಕೆಂಪ ಗಾಜ ಹೆಣ್ಣಮಕ್ಕಳ ಮುಂದ ಹಿಡೀಬ್ಯಾಡ," ಎಂದೂ ಅಂದಿದ್ದರು. ಯಾಕೆಂದು ಶಿಷ್ಯ ಕೇಳಲಿಲ್ಲ. ಕೇಳುವಷ್ಟರಲ್ಲಿ ಗಿರಾಕಿ ಬಂದಿರಬೇಕು.

ಉಸ್ತಾದರು ಹೋದರು, ಡಬ್ಬಿ ಶಿಷ್ಯನಿಗೆ ಬಂತು. ಬಣ್ಣದ ರೀಲು ಬಂತು, ಡಿಜಿಟಲ್ ಬಂತು, ಡಬ್ಬಿ ಅಟ್ಟ ಸೇರಿತು. ಈಚೆಗೆ ಕಪ್ಪು ಬಿಳುಪಿನ ಹುಚ್ಚು ಮತ್ತೆ ತಲೆ ಎತ್ತಿದಾಗ ಊರಿನ ಹುಡುಗರು ಬಣ್ಣದ ಫೋಟೋವನ್ನೇ ಕಂಪ್ಯೂಟರಿಗೆ ಹಾಕಿ ಒಂದು ಗುಂಡಿ ಒತ್ತಿ ಬಣ್ಣ ಕಳೆಯುತ್ತಿದ್ದರು. ಆಕಾಶ, ಗಿಡ, ಮುಖ ಎಲ್ಲ ಒಂದೇ ಬೂದಿ. ಉಪ್ಪಿಲ್ಲದ ಸಾರಿನಂಥ ಆ ಫೋಟೋ ನೋಡಿ ರಾಜಶೇಖರನಿಗೆ ಸಿಟ್ಟು ಬಂದು ಅಟ್ಟ ಹತ್ತಿದ. ಹಳೇ ಗಾಜು ಹೊಸ ಲೆನ್ಸಿಗೆ ಅಳತೆಯಾಗದೆ, ನಡುವೆ ಹಾಕಲು ಲೋಹದ ಬಳೆಯೊಂದನ್ನು ತರಿಸಿದ. ಕ್ಯಾಮೆರಾವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಕೆಂಪು ಗಾಜು ಕೂಡಿಸಿ, ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ಪರದೆ ನೋಡಿದರೆ, ಮಟಮಟ ಮಧ್ಯಾಹ್ನದ ಆಕಾಶ ಸಿಡಿಲು ಮಳೆಗೆ ಮುಂಚಿನ ಹಾಗೆ ಕಪ್ಪಿಟ್ಟಿತ್ತು. ಆ ವಯಸ್ಸಿನಲ್ಲಿ ಹೊಸದಾಗಿ ಕಣ್ಣು ಬಂದಷ್ಟು ಖುಷಿಯಾಯಿತು ಅವನಿಗೆ.

ಹೆಂಡತಿ ಶಾಂಭವಿಗೆ ಆಗಲಿಲ್ಲ. "ಬಣ್ಣದ ಕ್ಯಾಮೆರಾಕ್ಕ ಅಷ್ಟೆಲ್ಲಾ ರೊಕ್ಕಾ ಸುರದ್ರಿ. ಈಗ ಬಣ್ಣ ಬ್ಯಾಡಂತ ಅದರ ಕಣ್ಣಿಗೆ ಬಣ್ಣದ ಚಾಳೀಸ ಹಾಕ್ತೀರಿ. ತಲಿ ಒಮ್ಮೆ ತೋರಿಸ್ಕೋರಿ," ಎಂದಳು.

ಕಂಪ್ಯೂಟರಿನಲ್ಲೂ ಹೀಗೆ ಮಾಡಲು ಬರುತ್ತದೆ ಎಂದು ಹುಡುಗರು ಹೇಳಿದರು. ಬರುತ್ತದೆ, ಅವನಿಗೂ ಗೊತ್ತು. ಆದರೆ ಅಲ್ಲಿ ತಪ್ಪಿದರೆ ಹಿಂದಕ್ಕೆ ಹೋಗಬಹುದು. ಗಾಜು ಹಾಗಲ್ಲ, ಒಮ್ಮೆ ಹಾಕಿ ಗುಂಡಿ ಒತ್ತಿದ ಮೇಲೆ ಅದು ನುಡಿದದ್ದೇ ನುಡಿ. ಆ ಧೈರ್ಯ ಅವನಿಗೆ ಇಷ್ಟ. ಅವನ ಫೋಟೋಗಳಿಗೆ ಹೆಸರೂ ಬಂತು.

ಆ ಹೆಸರು ಕೇಳಿಯೇ ಕುಬೇರಪ್ಪ ಸಾವ್ಕಾರರ ಸೊಸೆ ಭಾಗ್ಯಶ್ರೀ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಅವಳ ಲಗ್ನದ ಫೋಟೋವನ್ನೂ ತೆಗೆದವನು ಇವನೇ. "ಕಾಕಾ, ಅತ್ತಿ ಮಾವಂದು ಲಗ್ನದ ಫೋಟೋ ಒಂದೂ ಇಲ್ರಿ," ಎಂದಳು. "ಕೇಳಿದ್ರ, ಆವಾಗ ಹಳ್ಳ್ಯಾಗ ಫೋಟೋ ಎಲ್ಲಿದ್ವು ಅಂತಾರ. ಐವತ್ತ ವರ್ಷದ ಕಾರ್ಯಕ್ರಮಕ್ಕ ಅವರಿಬ್ಬರದೂ ಒಂದ ದೊಡ್ಡ ಫೋಟೋ ಮಾಡ್ರಿ. ನಿಮ್ಮ ಆ ಕಪ್ಪು ಬಿಳುಪಿಂದ."

ಸಾವ್ಕಾರರು ಮೂಲದಲ್ಲಿ ಉಪ್ಪಿನಬೆಟಗೇರಿಯವರು. ಲಗ್ನವಾದ ಹೊಸದರಲ್ಲೇ ಹತ್ತಿ ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಬಂದವರು ಮತ್ತೆ ಹಳ್ಳಿಗೆ ಹೋಗಿ ನೆಲೆಸಲಿಲ್ಲ. ದಾನವ್ವ ಮುಗದದ ಮಗಳು. ಆ ಮನೆಯ ಎಲ್ಲ ಕಾರ್ಯಗಳ ಫೋಟೋ ತೆಗೆದ ರಾಜಶೇಖರನಿಗೆ ಅವರದೊಂದು ವಿಚಿತ್ರ ಗೊತ್ತಿತ್ತು: ಯಾವ ಆಲ್ಬಮ್ ತೆರೆದರೂ ಆರತಿ ಹಿಡಿದ ಹೆಂಗಸರ ಸಾಲಿನಲ್ಲಿ ದಾನವ್ವ ಇರುವುದಿಲ್ಲ. ಸ್ವಂತ ಮಗನ ಲಗ್ನದಲ್ಲೂ ಇಲ್ಲ. "ಬರ್ರಿ ಅವ್ವಾರ," ಎಂದು ಅವನು ಕರೆದಾಗಲೆಲ್ಲ ಅವರಿಗೆ ಸರಿಯಾಗಿ ಅದೇ ಹೊತ್ತಿಗೆ ಒಳಗಿಂದ ಕರ್ಪೂರ ತರುವುದಿರುತ್ತಿತ್ತು, ಇಲ್ಲವೇ ವೀಳ್ಯದೆಲೆ ಎಣಿಸುವುದಿರುತ್ತಿತ್ತು. ಕ್ಯಾಮೆರಾ ಕಂಡರೆ ನಾಚುವ ಜೀವ ಎಂದುಕೊಂಡು ಬಿಟ್ಟಿದ್ದ.

ಫೋಟೋ ತೆಗೆದದ್ದು ಗಬ್ಬೂರಿನ ಅವರ ಮನೆಯ ತಾರಸಿಯ ಮೇಲೆ. ಮಳೆ ಹೊಳವಾಗಿ ಆಕಾಶ ತೊಳೆದಿಟ್ಟಂತಿತ್ತು. ಮೊದಲು ಹಳದಿ ಗಾಜು ಹಾಕಿದ, ಚೆನ್ನಾಗಿಯೇ ಬಂತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಆ ಮೋಡ ನೋಡಿ ಅವನಿಗೆ ಆಸೆಯಾಯಿತು. ಆಸೆಬುರುಕನಿಗೆ ಉಸ್ತಾದರ ಮಾತು ಎಲ್ಲಿ ನೆನಪಾಗಬೇಕು? ಕೆಂಪು ಗಾಜು ತಿರುಗಿಸಿ ಕೂಡಿಸಿದ.

"ತಮ್ಮಾ, ನನ್ನ ಕುಂಕುಮ ನೆಟ್ಟಗದನ?" ಎಂದು ದಾನವ್ವ ಕೇಳಿದ್ದರು.

"ಅಗದೀ ನೆಟ್ಟಗದ್ರಿ ಅವ್ವಾರ," ಎಂದಿದ್ದ. ಬರಿಗಣ್ಣಿನಿಂದ ನೋಡಿ ಹೇಳಿದ ಮಾತು ಅದು, ಸುಳ್ಳಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಆಕಾಶ ನೋಡಿದ, ಕಣ್ಣಿನ ಹೊಳಪು ನೋಡಿದ, ಕೆಂಪು ಗಾಜಿಗೆ ಮುಖದ ನೆರಿಗೆಗಳು ತಿಳಿಯಾದದ್ದನ್ನು ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಂಡ. ಹಣೆಯ ಮೇಲೆ ಬಿಳುಪು ಕಂಡಿತು. ವಿಭೂತಿ ಎಂದುಕೊಂಡ. ಫೋಟೋ ಲ್ಯಾಬಿಗೆ ಹೋಯಿತು, ಚೌಕಟ್ಟು ಹಾಕಿಸಿಕೊಂಡು ನೇರ ಮಂಟಪಕ್ಕೆ ಬಂತು. ಈಗ ಮಂಟಪದ ಅಷ್ಟೂ ಮಂದಿಯ ಎದುರು ನಿಂತಿತ್ತು.

ಭಾಗ್ಯಶ್ರೀ ಅವನ ಹತ್ತಿರ ಓಡಿ ಬಂದಳು. "ಕಾಕಾ, ಇದೇನ್ರಿ? ನೀವು ನೋಡ್ಲಿಲ್ಲೇನ್ರಿ?"

"ಗಾಜಿಂದವಾ," ಎಂದ ರಾಜಶೇಖರ. "ಕೆಂಪ ಗಾಜ ಹಾಕಿದ್ದೆ. ಕೆಂಪ ಗಾಜಿಗೆ ಕೆಂಪ ಬೆಳ್ಳಗ ಆಗತದ. ಕುಂಕುಮ, ಸೀರಿ, ಎಲ್ಲಾ. ನಾ ಸರಿ ಮಾಡಿ ಕೊಡ್ತೇನಿ."

ಹೇಗೆ ಸರಿ ಮಾಡುವುದೆಂದು ಅವನಿಗೇ ಗೊತ್ತಿರಲಿಲ್ಲ. ಹಳದಿ ಗಾಜಿನ ಫೋಟೋವನ್ನು ಅಂದೇ ಅಳಿಸಿ ಹಾಕಿದ್ದ. ಬಣ್ಣದಲ್ಲಿ ತೆಗೆದ ಫೋಟೋವಾಗಿದ್ದರೆ ಒಳಗೆಲ್ಲೋ ಕುಂಕುಮ ಉಳಿದಿರುತ್ತಿತ್ತು. ಇದರಲ್ಲಿ ಅದು ಚರ್ಮದೊಳಗೆ ಕರಗಿಹೋಗಿತ್ತು, ಹುಡುಕಿ ತೆಗೆಯಲು ಏನೂ ಇರಲಿಲ್ಲ. ಇನ್ನು ಮೇಲಿಂದ ಸುಳ್ಳು ಬೊಟ್ಟು ಬರೆಯಬೇಕು. ಉಸ್ತಾದರು ಯಾಕೆ ಹಾಗೆ ಹೇಳಿದ್ದರೆಂದು ಅವನಿಗೆ ಈಗ ತಿಳಿಯಿತು. ಊರೇ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಮೂರನೆಯ ಸಾಲಿನಲ್ಲಿ ವಿದ್ಯಾ ಎಂಬ ಹೆಂಗಸು ಕೂತಿದ್ದಳು. ಸೋಮವಾರ ಮಗಳ ಫೋಟೋ ತೆಗೆಸಲು ಬರುತ್ತೇವೆಂದು ಅರ್ಧ ಗಂಟೆಯ ಹಿಂದಷ್ಟೇ ಅವನಿಗೆ ಹೇಳಿದ್ದಳು. ಅವಳು ಮಗಳ ಸೆರಗು ಹಿಡಿದು ಹಿಂದಿನ ಸಾಲಿಗೆ ಎಳೆದುಕೊಂಡು ಹೋಗುವುದನ್ನು ರಾಜಶೇಖರ ಕಂಡ. ಮುಗಿಯಿತು ಎಂದುಕೊಂಡ. ನಾಳೆ ಬೆಳಗಾಗುವುದರೊಳಗೆ ಈ ಸುದ್ದಿ ಧಾರವಾಡ ಮುಟ್ಟುತ್ತದೆ. ಒಳ್ಳೆಯ ಸುದ್ದಿಗೆ ವರ್ಷ ಹಿಡಿದಿತ್ತು, ಕೆಟ್ಟದ್ದಕ್ಕೆ ಒಂದು ರಾತ್ರಿ ಸಾಕು.

ಆಗ ಮುಂದಿನ ಸಾಲಿನಿಂದ ಮುದುಕಿಯೊಬ್ಬಳ ದನಿ ಬಂತು. ಸಾವ್ಕಾರರ ಅಣ್ಣನ ಹೆಂಡತಿ, ಎಲ್ಲರೂ ದೊಡ್ಡವ್ವ ಎನ್ನುವವಳು, ತನ್ನ ಸೊಸೆಯೊಂದಿಗೆ ಉಪ್ಪಿನಬೆಟಗೇರಿಯಿಂದ ಬಂದಿದ್ದಳು. ಕಿವಿ ಮಂದವಾದವರ ಹಾಗೆ ಅವಳ ಗುಟ್ಟಿನ ಮಾತೂ ಇಡೀ ಮಂಟಪಕ್ಕೆ ಕೇಳುತ್ತಿತ್ತು.

"ಫೋಟೋದಾಂವಗ ಯಾಕ ಬೈತೀರಿ? ಅಂವಂದೇನ ತಪ್ಪ? ಉಡಿಕಿ ಹೆಣ್ಣನ ಪೀಠದ ಮ್ಯಾಲ ಕುಂದ್ರಿಸಿ ಆರತಿ ಮಾಡಾಕ ಹೊಂಟ್ರ ದೇವರು ತೋರಿಸದ ಇರತಾನನ?"

ಮಂದಿಯ ಕಣ್ಣು ಫೋಟೋ ಬಿಟ್ಟು ದಾನವ್ವನವರ ಮೇಲೆ ಹೊರಳಿತು.

ಉಡಿಕಿ ಎಂದರೆ ಗಂಡ ಸತ್ತ ಹೆಣ್ಣಿಗೆ ಮತ್ತೊಬ್ಬ ಸೀರೆ ಉಡಿಸಿ ಕೈಹಿಡಿಯುವುದು. ಹಂದರವಿಲ್ಲ, ವಾಲಗವಿಲ್ಲ, ಅಕ್ಷತೆ ಹಾಕುವ ಮುತ್ತೈದೆಯರಿಲ್ಲ, ಕತ್ತಲಾದ ಮೇಲೆ ಕದ ಹಾಕಿಕೊಂಡು ಮಾಡುವ ಕಾರ್ಯ. ಗಂಡಸು ಎರಡನೆಯದು ಮಾಡಿಕೊಂಡರೆ ಬ್ಯಾಂಡು ಬಾರಿಸುತ್ತಾರೆ, ಹೆಂಗಸು ಮಾಡಿಕೊಂಡರೆ ದೀಪ ಆರಿಸುತ್ತಾರೆ, ಇದು ನಮ್ಮ ಕಡೆಯ ನ್ಯಾಯ. ಹಾಗೆ ಬಂದ ಹೆಣ್ಣು ಎಷ್ಟು ವರ್ಷ ಬಾಳಿದರೂ, ಎಷ್ಟು ಮಕ್ಕಳ ತಾಯಿಯಾದರೂ ಶುಭಕಾರ್ಯದಲ್ಲಿ ಆರತಿ ಹಿಡಿಯುವಂತಿಲ್ಲ.

ರಾಜಶೇಖರನ ಕಣ್ಣ ಮುಂದೆ ಅಷ್ಟೂ ಆಲ್ಬಮ್‌ಗಳು ತೆರೆದುಕೊಂಡವು. ಕರ್ಪೂರ ತರಲು ಒಳಗೆ ಹೋದ ದಾನವ್ವ, ವೀಳ್ಯದೆಲೆ ಎಣಿಸುತ್ತ ಕೂತ ದಾನವ್ವ. ನಾಚಿಕೆಯಲ್ಲ ಅದು. ಸ್ವಂತ ಮಗನ ಲಗ್ನಕ್ಕೂ ತನ್ನ ಕೈ ಸೋಕಬಾರದೆಂದು ಆ ತಾಯಿ ಹಿಂದೆ ಸರಿದು ನಿಂತದ್ದು. ಅವನು ಕ್ಯಾಮೆರಾ ಹಿಡಿದು ಅಲ್ಲೇ ನಿಂತಿದ್ದ, ಒಂದು ಸಲವೂ ಕಂಡಿರಲಿಲ್ಲ.

ಭಾಗ್ಯಶ್ರೀ ಅತ್ತೆಯ ಕಡೆ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ. ಅವಳ ಗಂಡನಿಗೂ ಗೊತ್ತಿರಲಿಲ್ಲವೆಂದು ಅವನ ತೆರೆದ ಬಾಯಿಯೇ ಹೇಳುತ್ತಿತ್ತು. ದಾನವ್ವನವರ ಕೈ ತಾನಾಗಿ ಹಣೆಗೆ ಹೋಗಿತ್ತು, ಕುಂಕುಮ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವವರ ಹಾಗೆ. ಅವರು ಕುರ್ಚಿಯಿಂದ ಎದ್ದರು. ಈಗಲೂ ಒಳಗೆ ಹೋಗಿ ಏನಾದರೂ ತರುವುದಿದೆಯೇನೋ ಎಂಬಂತೆ ಅವರ ಕಣ್ಣು ವೇದಿಕೆಯ ಪಕ್ಕದ ಬಾಗಿಲನ್ನು ಹುಡುಕುತ್ತಿತ್ತು.

"ಮತ್ತ! ಫೋಟೋದಾಂವ ಏನ ಮಾಡ್ಯಾನು, ಹಣೇಬರಾ," ಎಂದು ಹಿಂದೆ ಒಬ್ಬರು ಅಂದರು. "ಹೌದೌದು, ಅಂವನ ಕೈಗುಣಕ್ಕೇನಾಗಿಲ್ಲ," ಎಂದರು ಇನ್ನೊಬ್ಬರು.

ರಾಜಶೇಖರನ ಎದೆ ಹಗುರಾಯಿತು. ಹಗುರಾದ ಮರುಗಳಿಗೆಯೇ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಸುಮ್ಮನೆ ನಿಂತರೆ ಸಾಕಿತ್ತು. ಕೈಗುಣ ಉಳಿಯುತ್ತಿತ್ತು, ಸೋಮವಾರ ವಿದ್ಯಾ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಬಾಯಿ ಬಿಟ್ಟರೆ ಅಪಶಕುನ ಪೂರ್ತಿ ತನ್ನ ಹೆಸರಿಗೆ ಬರುತ್ತದೆ. ಇಷ್ಟು ವರ್ಷ ಸುಮ್ಮನಿದ್ದು ಉಂಡವನಿಗೆ ಸುಮ್ಮನಿರುವುದು ಕಷ್ಟವೇನಲ್ಲ. ಆದರೆ ದಾನವ್ವ ಆ ಬಾಗಿಲು ಹುಡುಕುವುದನ್ನು ಅವನಿಂದ ನೋಡಲಾಗಲಿಲ್ಲ.

"ದೇವರು ತೋರಿಸಿಲ್ಲ," ಎಂದ. ತನ್ನ ದನಿ ಅಷ್ಟು ದೊಡ್ಡದೆಂದು ಅವನಿಗೂ ಗೊತ್ತಿರಲಿಲ್ಲ. "ಕುಂಕುಮ ಅಳಸಿದಾಂವ ನಾನು. ನನ್ನ ಉಸ್ತಾದ ಬ್ಯಾಡಂದಿದ್ದ ಕೆಲಸಾ ಮಾಡೇನಿ. ನಂದ ತಪ್ಪ, ಅವ್ವಾರದಲ್ಲ."

ಯಾರೂ ನಂಬಿದಂತೆ ಕಾಣಲಿಲ್ಲ. ಅವನು ಹೆಗಲಿನ ಚೀಲದಿಂದ ತಂಬಾಕಿನ ಡಬ್ಬಿ ತೆಗೆದ. ಕೆಂಪು ಗಾಜನ್ನು ಅಂಗಿಯ ತುದಿಯಿಂದ ಒರೆಸಿ ನೇರ ದೊಡ್ಡವ್ವನ ಹತ್ತಿರ ಹೋದ.

"ದೊಡ್ಡವ್ವಾರ, ಇದನ್ನ ಕಣ್ಣಿಗೆ ಹಿಡೀರಿ. ಒಂದ ಕಣ್ಣ ಮುಚ್ಚರಿ. ಈಗ ಅವ್ವಾರನ್ನ ನೋಡ್ರಿ."

ಮುದುಕಿ ಹಿಡಿದಳು, ನೋಡಿದಳು. "ಹೌದ, ಕುಂಕುಮ ಇಲ್ಲ," ಎಂದಳು, ತನ್ನ ಮಾತೇ ಗೆದ್ದಿತು ಎಂಬಂತೆ.

"ಹಂಗ ಬಾಜೂಕ ಹೊಳ್ಳಿ ನಿಮ್ಮ ಸೊಸೀನ ನೋಡ್ರಿ."

ಮುದುಕಿ ಹೊರಳಿದಳು. ಗಾಜು ತೆಗೆದು ಸೊಸೆಯ ಹಣೆ ನೋಡಿದಳು, ಮತ್ತೆ ಹಿಡಿದು ನೋಡಿದಳು. "ಯವ್ವಾ," ಎಂದು ಗಾಜನ್ನು ಬೆಂಕಿ ಕೆಂಡದ ಹಾಗೆ ಸೊಸೆಯ ಉಡಿಗೆ ಹಾಕಿದಳು. ಸೊಸೆ ಅದನ್ನೆತ್ತಿ ಪಕ್ಕದವಳನ್ನು ನೋಡಿದಳು, ಪಕ್ಕದವಳು ತನ್ನ ತಂಗಿಯನ್ನು ನೋಡಿದಳು. ಗಾಜು ಸಾಲಿನಿಂದ ಸಾಲಿಗೆ ಹೋಯಿತು. ನೋಡಿದವರೆಲ್ಲ ಗಾಬರಿಯಾಗಿ ಕೈಯಿಂದ ಹಣೆ ಮುಟ್ಟಿಕೊಳ್ಳುತ್ತಿದ್ದರು. ಆ ಗಾಜಿನಲ್ಲಿ ಇಡೀ ಮಂಟಪದಲ್ಲಿ ಒಬ್ಬಳೂ ಮುತ್ತೈದೆ ಇರಲಿಲ್ಲ.

"ಇಲ್ಲಿ ಕೊಡ್ರಿ ಅದನ್ನ," ಎಂದರು ಕುಬೇರಪ್ಪ ಸಾವ್ಕಾರರು.

ರಾಜಶೇಖರ ಗಾಜನ್ನು ಇಸಿದುಕೊಂಡು ಹೋಗಿ ಕೊಟ್ಟ. ಸಾವ್ಕಾರರು ಚಾಳೀಸು ಹಣೆಗೇರಿಸಿ, ಗಾಜನ್ನು ಕಣ್ಣಿಗೆ ಹಿಡಿದು ಹೆಂಡತಿಯ ಮುಖ ನೋಡಿದರು. ನೋಡುತ್ತಲೇ ಇದ್ದರು. ಅವರಿಗೆ ಏನೋ ಆಗುತ್ತಿದೆ ಎಂದು ಮಗ ಹೆಜ್ಜೆ ಮುಂದಿಟ್ಟ, ಅವರು ಕೈಸನ್ನೆಯಿಂದ ತಡೆದರು.

"ಹಿಂಗ ಇದ್ಲು," ಎಂದರು. "ನಾ ಇಕೀನ ಮೊದಲ ನೋಡಿದಾಗ ಹಿಂಗ ಇದ್ಲು."

"ಸಾಕ ಬಿಡ್ರಿ," ಎಂದರು ದಾನವ್ವ, ಬಹಳ ಸಣ್ಣಗೆ. "ಮಕ್ಕಳದಾರ."

"ಇರ್ಲಿ. ಕೇಳ್ಲಿ." ಗಾಜು ಇನ್ನೂ ಅವರ ಕಣ್ಣಿನ ಮೇಲೆಯೇ ಇತ್ತು. "ಮುಗದದಾಗ ಕಣದಾಗ ಭತ್ತ ತೂರಾಕತ್ತಿದ್ಲು. ಬೋಳ ಹಣಿ, ಬಿಳಿ ಸೀರಿ. ವಯಸ್ಸೇನು, ಇನ್ನೂ ಹುಡಿಗಿ. ಭತ್ತದ ರೇಟ ಕೇಳಾಕ ಹೋದಾಂವ ನಾ, ರೇಟ ಕೇಳೂದ ಮರತೆ. ನಮ್ಮಪ್ಪ ಮನಿ ಬಾಗಲಾ ಹಾಕಿದ. ವ್ಯಾಪಾರಕ್ಕ ಹುಬ್ಬಳ್ಳಿಗೆ ಬಂದೇನಿ ಅಂತ ಎಲ್ಲಾರಿಗೂ ಸುಳ್ಳ ಹೇಳಕೋತ ಬಂದೆ. ಇಕಿನ ಹೇಳಬ್ಯಾಡ ಅಂತಿದ್ಲು, ಮಕ್ಕಳಿಗೆ ಯಾರೂ ಹೆಣ್ಣ ಕೊಡೂದಿಲ್ಲ ಅಂತ. ಸುಳ್ಳಿನ ಸಂಸಾರಲ್ಲ ನಂದು. ಮಾತಷ್ಟ ಸುಳ್ಳ."

ದೊಡ್ಡವ್ವ ತಲೆ ತಗ್ಗಿಸಿದ್ದಳು. ಅಂದು ಬಾಗಿಲು ಹಾಕಿದ ಆ ಮನೆಯೊಳಗೆ ಅವಳೂ ಇದ್ದವಳೇ.

ಸಾವ್ಕಾರರು ಗಾಜನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಎದ್ದರು. ಆರತಿಯ ತಟ್ಟೆ ಮೇಜಿನ ಮೇಲಿತ್ತು. ಅದರಲ್ಲಿದ್ದ ಕುಂಕುಮದ ಬಟ್ಟಲಿಗೆ ಹೆಬ್ಬೆರಳು ಅದ್ದಿದರು. ಹೆಂಡತಿಯ ಹತ್ತಿರ ಹೋಗುತ್ತಾರೆಂದು ಎಲ್ಲರೂ ಎಣಿಸಿದರೆ, ಅವರು ಹೋದದ್ದು ಫೋಟೋದ ಹತ್ತಿರ.

"ಆವತ್ತ ದೀಪ ಸೈತ ಹಚ್ಚಾಕ ಬಿಡ್ಲಿಲ್ಲ," ಎಂದರು ಮಂದಿಯ ಕಡೆ ಹೊರಳಿ. "ಕತ್ತಲಾಗ ಕುಂಕುಮ ಹಚ್ಚಿದೆ, ಕಳ್ಳರಂಗ. ಯಾರೂ ನೋಡಿಲ್ಲ. ಈಗ ಇಷ್ಟ ಬೆಳಕದ. ನೋಡ್ರಿ ಎಲ್ಲಾರೂ."

ಚೌಕಟ್ಟಿನ ಕನ್ನಡಿಯ ಮೇಲೆ, ಆ ಬೋಳು ಹಣೆಯ ಮೇಲೆ, ಹೆಬ್ಬೆರಳು ಒತ್ತಿದರು. ಅಷ್ಟು ದೊಡ್ಡ ಕಪ್ಪು ಬಿಳುಪಿನ ಫೋಟೋದಲ್ಲಿ ಅದೊಂದೇ ಕೆಂಪು.

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಚಪ್ಪಾಳೆ ತಟ್ಟುವುದೋ, ಅಳುವುದೋ, ಎದ್ದು ಊಟಕ್ಕೆ ಹೋಗುವುದೋ. ಭಾಗ್ಯಶ್ರೀ ಮೇಜಿನ ಮೇಲಿನ ಆರತಿ ತಟ್ಟೆ ಎತ್ತಿದಳು. ಅತ್ತೆಗೆ ಬೆಳಗಲಿಲ್ಲ, ಅತ್ತೆಯ ಕೈಗೇ ಕೊಟ್ಟಳು. ದಾನವ್ವ ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದವರ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಫೋಟೋದ ಎದುರು ಬಂದು ನಿಂತರು. ಕನ್ನಡಿಯ ಮೇಲಿನ ಆ ಕೆಂಪನ್ನು ಬಹಳ ಹೊತ್ತು ನೋಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಆವತ್ತೂ ಹಿಂಗ ಸೊಟ್ಟ ಹಚ್ಚಿದ್ರಿ," ಎಂದರು ಗಂಡನಿಗೆ. ಆಮೇಲೆ ರಾಜಶೇಖರನ ಕಡೆ ಹೊರಳಿದರು. "ತಮ್ಮಾ, ನಮ್ಮ ಲಗ್ನದ ಫೋಟೋ ತಗಿ."

ವಿದ್ಯಾ ಸೋಮವಾರ ಬರುತ್ತಾಳೋ ಇಲ್ಲವೋ ಎಂಬುದು ಆಗ ಅವನಿಗೆ ನೆನಪಾಗಲಿಲ್ಲ. ಕ್ಯಾಮೆರಾ ಎತ್ತಿದ. ಲೆನ್ಸಿನ ಮೂತಿ ಮುಟ್ಟಿ ನೋಡಿದ, ಬರಿದಾಗಿತ್ತು. ಕೈ ಎಷ್ಟು ನಡುಗುತ್ತಿತ್ತೆಂದರೆ ಫೋಟೋ ಅಲುಗಿತು, ಅವನ ಬದುಕಿನಲ್ಲಿ ಗಿರಾಕಿಗೆ ಕೊಟ್ಟ ಒಂದೇ ಒಂದು ಅಲುಗಿದ ಫೋಟೋ ಅದು. ಇನ್ನೊಂದು ತೆಗೆಯುತ್ತೇನೆ ಎಂದರೆ ದಾನವ್ವ ಬೇಡ ಎಂದರು. ಕೆಂಪು ಗಾಜು ಸಾವ್ಕಾರರ ಕೈಯಲ್ಲೇ ಉಳಿಯಿತು, ಅವನೂ ವಾಪಸು ಕೇಳಲಿಲ್ಲ.